ಬೈಬಲ್ಲಿಗೆಂದು ಕನ್ನಡ ಕಲಿತು ಜೈಮಿನಿ ಭಾರತ ಅಚ್ಚು ಹಾಕಿಸಿದ ಮೊಗ್ಲಿಂಗ್

ಉಲ್ಹಾಸನಗರದ ಕ್ಯಾಂಪ್ 4ರಲ್ಲಿ ನಾವು ಬಾಡಿಗೆಗಿರುವ ಮನೆಯ ಮಾಲೀಕರು ಸಿಂಧಿ ಜನ. ವಯಸ್ಸು ಎಂಬತ್ತು ದಾಟಿದೆ. ಬೀದಿಯವರೆಲ್ಲ ಅವರನ್ನು ದಾದಾ ಎನ್ನುತ್ತಾರೆ, ನಾವೂ ಹಾಗೆಯೇ. ದೇಶ ಇಬ್ಭಾಗವಾದಾಗ ತಾಯಿಯ ಕಂಕುಳಲ್ಲಿ ಕೂತು ಸಿಂಧ್ ಬಿಟ್ಟು ಬಂದವರು. ಎರಡನೇ ಮಹಾಯುದ್ಧದ ಸೈನಿಕರಿಗಾಗಿ ಕಟ್ಟಿದ್ದ ಕಲ್ಯಾಣ ಕ್ಯಾಂಪಿನ ಬ್ಯಾರಕ್ಕುಗಳಲ್ಲಿ ಬೆಳೆದು, 1949ರಲ್ಲಿ ಆ ಕ್ಯಾಂಪೇ ಉಲ್ಹಾಸನಗರ ಎಂಬ ಊರಾದದ್ದನ್ನು ಕಂಡವರು. ಈಗಲೂ ಇಲ್ಲಿ ವಿಳಾಸ ಹೇಳುವಾಗ ಬಡಾವಣೆಯ ಹೆಸರಿಗಿಂತ ಕ್ಯಾಂಪ್ ನಂಬರೇ ಮುಖ್ಯ.

ಬಾಡಿಗೆಯನ್ನು ಮೊಬೈಲಿನಲ್ಲಿ ಕಳಿಸಿದರೆ ದಾದಾಗೆ ಸಮಾಧಾನವಿಲ್ಲ. ತಿಂಗಳ ಮೊದಲ ಭಾನುವಾರ ಕೆಳಗಿಳಿದು ಹೋಗಿ, ಕೈಗೆ ಕೊಟ್ಟು, ಚಹಾ ಕುಡಿದು ಬರಬೇಕು. ಹಾಗೆ ಹೋದ ಒಂದು ಭಾನುವಾರ ಅವರು ಬಲದಿಂದ ಎಡಕ್ಕೆ ಓದುವ ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಶಾಹ್ ಅಬ್ದುಲ್ ಲತೀಫರ ಪದ್ಯಗಳ ಸಂಗ್ರಹ, ಶಾಹ್ ಜೋ ರಿಸಾಲೋ. ನಮಗೆ ಪುರಂದರದಾಸರೋ ಬಸವಣ್ಣನೋ ಹೇಗೋ, ಸಿಂಧಿಗಳಿಗೆ ಹಿಂದೂ ಮುಸ್ಲಿಂ ಎನ್ನದೆ ಎಲ್ಲರಿಗೂ ಶಾಹ್ ಹಾಗೆ. ಈ ಪುಸ್ತಕ ಮೊದಲ ಸಲ ಅಚ್ಚಾದದ್ದು ಸಿಂಧ್‌ನಲ್ಲಿ ಅಲ್ಲ, ಜರ್ಮನಿಯ ಲೈಪ್ಸಿಗ್‌ನಲ್ಲಿ, 1866ರಲ್ಲಿ, ಅದನ್ನು ಅಚ್ಚು ಹಾಕಿಸಿದವನು ಅರ್ನ್ಸ್ಟ್ ಟ್ರಂಪ್ ಎಂಬ ಮಿಷನರಿ ಎಂದು ದಾದಾ ನಗುತ್ತ ಹೇಳಿದರು. ಆಮೇಲೆ ನಿಮ್ಮ ಕನ್ನಡದ ಹಳೆಯ ಕಾವ್ಯಗಳನ್ನು ಮೊದಲು ಅಚ್ಚು ಹಾಕಿಸಿದವರು ಯಾರು ಎಂದು ಕೇಳಿದರು.

ಬಾಯಿಗೆ ಬಂದದ್ದು ಕಿಟೆಲ್ ಹೆಸರು. ಆದರೆ ಕಿಟೆಲ್ ಎಂದರೆ ನಿಘಂಟು. ಕಾವ್ಯ ಯಾರು? ನಾನು ಬಳ್ಳಾರಿಯವನು, ಎಂಟೆಕ್ ಮಾಡಿದ್ದು ಸುರತ್ಕಲ್‌ನಲ್ಲಿ. ಎರಡು ವರ್ಷ ಭಾನುವಾರಗಳಂದು ಮಂಗಳೂರಿನ ಬಲ್ಮಠದ ಏರಿನಲ್ಲಿ ಸಿಟಿ ಬಸ್ಸಿಗೆ ನೇತಾಡಿದ್ದೇನೆ. ಆದರೂ ಉತ್ತರ ಬರಲಿಲ್ಲ. ವಿಠ್ಠಲವಾಡಿಯಿಂದ ಠಾಣೆ, ಠಾಣೆಯಿಂದ ಐರೋಲಿ, ಈ ಲೋಕಲ್ ಪ್ರಯಾಣದಲ್ಲಿ ಸೀಟು ಸಿಕ್ಕ ದಿನಗಳಲ್ಲೆಲ್ಲ ಕೆಲವು ವಾರ ಇದನ್ನೇ ಓದಿದೆ. ಸಿಕ್ಕ ಉತ್ತರ ನಮಗೆಲ್ಲ ಗೊತ್ತಿರುವ ಹೆಸರೇ. ಪ್ರತಿ ವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನ ಆಚರಿಸುವಾಗ ನೆನೆಯುವ, ಉಳಿದ 364 ದಿನ ಮರೆಯುವ ಹರ್ಮನ್ ಮೊಗ್ಲಿಂಗ್.

ಓದುತ್ತ ಹೋದಾಗ ಒಂದು ವಿಷಯ ನೋಡಿ ನಕ್ಕುಬಿಟ್ಟೆ. ಸಿಂಧಿಗಳ ಟ್ರಂಪ್ ಹುಟ್ಟಿದ್ದು 1828ರಲ್ಲಿ, ಇಲ್ಸ್‌ಫೆಲ್ಡ್ ಎಂಬ ಹಳ್ಳಿಯಲ್ಲಿ. ನಮ್ಮ ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಬ್ರಾಕನ್‌ಹೈಮ್ ಎಂಬ ಚಿಕ್ಕ ಊರಿನಲ್ಲಿ. ಎರಡೂ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವು. ನಡುವಿನ ದೂರ ಹೆಚ್ಚುಕಡಿಮೆ ಉಲ್ಹಾಸನಗರದಿಂದ ಡೊಂಬಿವಲಿಗೆ ಇರುವಷ್ಟು. ಇಬ್ಬರೂ ಓದಿದ್ದು ಟ್ಯೂಬಿಂಗನ್‌ನಲ್ಲಿ. ದ್ರಾಕ್ಷಿ ತೋಟಗಳ ಆ ಸೀಮೆಯ ಒಬ್ಬ ಹುಡುಗ ಕರಾಚಿಗೆ ಹೋದ, ಇನ್ನೊಬ್ಬ ಮಂಗಳೂರಿಗೆ ಬಂದ. ಒಂದೇ ಸೂರಿನ ಕೆಳಗೆ ಕೆಳಗಿನ ಮನೆಯವರಿಗೂ ಮೇಲಿನ ಮನೆಯವರಿಗೂ ಅಕ್ಕಪಕ್ಕದ ಊರಿನವರೇ ಪುಸ್ತಕ ಮಾಡಿಕೊಟ್ಟಿದ್ದರು.

ಮೊಗ್ಲಿಂಗ್ ದೇವಶಾಸ್ತ್ರ ಓದಿದವರು. ಊರಿನಲ್ಲೇ ಪಾದ್ರಿಯಾಗಿ ಸುಖವಾಗಿರಬಹುದಿತ್ತು. ಮನೆತನದಲ್ಲಿ ಸುಮ್ಮನೆ ಕೂರುವ ಗುಣ ಇರಲಿಲ್ಲವೆಂದು ಕಾಣುತ್ತದೆ. ತಮ್ಮ ಥಿಯೊಡೋರ್ 1849ರ ಬಾಡೆನ್ ಕ್ರಾಂತಿಯಲ್ಲಿ ಬಂದೂಕು ಹಿಡಿದು, ಗಾಯಗೊಂಡು, ಸೆರೆಮನೆ ಸೇರಿದ. ಅಣ್ಣ ಹಿಡಿದ ದಾರಿ ಬೇರೆ. 1833ರ ಕಾಯ್ದೆಯಿಂದಾಗಿ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳಲ್ಲಿ ಬ್ರಿಟಿಷರಲ್ಲದ ಮಿಷನರಿಗಳಿಗೂ ಅವಕಾಶ ಸಿಕ್ಕಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಮೊದಲ ಮೂವರು, ಹೇಬಿಕ್, ಲೇನರ್ ಮತ್ತು ಗ್ರೈನರ್, 1834ರ ಅಕ್ಟೋಬರ್‌ನಲ್ಲಿ ಮಂಗಳೂರಿಗೆ ಬಂದಿಳಿದರು. ಮೊಗ್ಲಿಂಗ್ ಬಂದದ್ದು 1836ರ ಕೊನೆಯಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ.

ಅವರು ಬಂದ ಉದ್ದೇಶವನ್ನು ಮುಚ್ಚಿಡಬೇಕಾಗಿಲ್ಲ. ಬಂದದ್ದು ಕ್ರೈಸ್ತ ಮತ ಪ್ರಚಾರಕ್ಕೆ. ನಮ್ಮ ಹಬ್ಬ, ಪೂಜೆ, ಜಾತ್ರೆಗಳ ಬಗ್ಗೆ ಅವರಿಗೆ ದೊಡ್ಡ ಗೌರವವೇನೂ ಇರಲಿಲ್ಲ. ಮತ ಪ್ರಚಾರಕ್ಕೆ ಮೊದಲು ಬೇಕಾದದ್ದು ಬೈಬಲ್, ಅದೂ ಊರವರ ಭಾಷೆಯಲ್ಲಿ. ಕಥೆ ಬಿಗಿಯಾಗುವುದು ಇಲ್ಲೇ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಗ್ಲಿಷಿನಲ್ಲಿ ಬೈಬಲ್ ಅಚ್ಚಾದ ಕಥೆ ರಕ್ತದ್ದು. ವಿಲಿಯಂ ಟಿಂಡೇಲ್ ಎಂಬ ವಿದ್ವಾಂಸ ಮೂಲ ಗ್ರೀಕಿನಿಂದ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದ. ಅವನ ದೇಶದಲ್ಲಿ ಅದು ಅಪರಾಧ. ಜರ್ಮನಿಗೆ ಓಡಿ ಬಂದು ಕಲೋನ್‌ನಲ್ಲಿ ಅಚ್ಚಿಗೆ ಕೊಟ್ಟರೆ ಅಲ್ಲಿಯೂ ಅಧಿಕಾರಿಗಳು ತಡೆದರು. ಅರ್ಧ ಮುಗಿದ ಹಾಳೆಗಳೊಂದಿಗೆ ವರ್ಮ್ಸ್ ಎಂಬ ಊರಿಗೆ ಓಡಿ, 1526ರಲ್ಲಿ ಅಚ್ಚು ಮುಗಿಸಿದ. ಬಟ್ಟೆ ಮೂಟೆಗಳೊಳಗೆ ಬಚ್ಚಿಟ್ಟು ಪ್ರತಿಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ಲಂಡನ್ನಿನ ಬಿಷಪ್ ಸಿಕ್ಕಷ್ಟನ್ನೂ ಸುಡಿಸಿದ. ಹತ್ತು ವರ್ಷದ ಬಳಿಕ, 1536ರಲ್ಲಿ, ಟಿಂಡೇಲನನ್ನೂ ಕತ್ತು ಬಿಗಿದು ಕೊಂದು ಸುಟ್ಟರು. ಆ ವರ್ಮ್ಸ್ ಪುಸ್ತಕಕ್ಕೆ ಈಗ 500 ವರ್ಷ. ಸಾವಿರಾರು ಪ್ರತಿಗಳಲ್ಲಿ ಉಳಿದದ್ದು ಮೂರೇ ಮೂರು. ಶೀರ್ಷಿಕೆ ಪುಟ ಸಮೇತ ಪೂರ್ತಿ ಇರುವ ಒಂದೇ ಪ್ರತಿ 1996ರಲ್ಲಿ ಸಿಕ್ಕಿದ್ದು ಸ್ಟುಟ್‌ಗಾರ್ಟ್ ಗ್ರಂಥಾಲಯದಲ್ಲಿ, ಅಂದರೆ ಮೊಗ್ಲಿಂಗರ ಸೀಮೆಯ ರಾಜಧಾನಿಯಲ್ಲಿ.

ಟಿಂಡೇಲನ ಮೇಲೆ ಅಷ್ಟು ಸಿಟ್ಟೇಕೆ? ಕೆಲವು ಪದಗಳಿಗಾಗಿ. ಚರ್ಚ್ ಎನ್ನಬೇಕಾದಲ್ಲಿ ಅವನು ಸೇರಿದ ಜನರ ಗುಂಪು ಎಂಬರ್ಥದ ಪದ ಬಳಸಿದ. ಪಾದ್ರಿ ಎನ್ನುವಲ್ಲಿ ಹಿರಿಯ ಎಂದ. ಅಧಿಕಾರ ಕಟ್ಟಡದಿಂದ ಜನರ ಕೈಗೆ ಜಾರಿದಂತೆ ಅಧಿಕಾರಸ್ಥರಿಗೆ ಕಂಡಿತು. ಆದರೆ ನಮ್ಮ ಪ್ರೊಟೆಸ್ಟೆಂಟ್ ಕನ್ನಡ ಬೈಬಲ್ ತೆರೆದು ನೋಡಿ. ಅಲ್ಲಿ ಇರುವ ಪದಗಳು ಸಭೆ, ಸಭೆಯ ಹಿರಿಯರು. ಟಿಂಡೇಲ್ ಪ್ರಾಣ ತೆತ್ತ ಪದಗಳು ಕನ್ನಡಕ್ಕೆ ಬರುವಾಗ ಊರ ಪಂಚಾಯ್ತಿಯ ಮಾತಿನಷ್ಟು ಸಹಜವಾಗಿ ಬಂದು ಕೂತಿವೆ. ಇದನ್ನು ಗಮನಿಸಿದ ದಿನ ನಾನು ಠಾಣೆಯಲ್ಲಿ ಇಳಿಯುವುದನ್ನು ಮರೆತು ಮುಲುಂಡ್‌ವರೆಗೆ ಹೋಗಿಬಿಟ್ಟಿದ್ದೆ.

ಕನ್ನಡ ಬೈಬಲ್ಲಿಗೆ ಕಂಟಕ ಬಂದದ್ದು ರಾಜನಿಂದಲ್ಲ, ಬೆಂಕಿಯಿಂದ. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಹಲವು ಭಾರತೀಯ ಭಾಷೆಗಳಿಗೆ ಬೈಬಲ್ ಅನುವಾದ ಮಾಡಿಸುತ್ತಿದ್ದರು. 1812ರ ಮಾರ್ಚ್ 11ರಂದು ಅಲ್ಲಿನ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಒಂದು. ಬ್ಯಾಕಪ್ ಇಲ್ಲ! ನಮ್ಮ ಟೀಮಿನಲ್ಲಿ ಒಂದು ವಾರದ ಕೋಡ್ ಹೋದರೆ ಎಷ್ಟು ಗೋಳಾಡುತ್ತೇವೆ ಎಂದು ನೆನೆಸಿಕೊಂಡೆ. ಕೇರಿ ಮತ್ತೆ ಮೊದಲಿನಿಂದ ಶುರು ಮಾಡಿಸಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು.

ಇತ್ತ ನಮ್ಮೂರು ಬಳ್ಳಾರಿಗೆ 1810ರಲ್ಲೇ ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್‌ನ ಇಂಗ್ಲಿಷ್ ಪಾದ್ರಿ ಬಂದು ನೆಲೆಸಿದ್ದರು. ಓದಲು ಅಚ್ಚಾದ ಕನ್ನಡ ಪುಸ್ತಕವಿಲ್ಲ, ಇಂಗ್ಲಿಷಿನಿಂದ ಕನ್ನಡ ಕಲಿಸುವ ನಿಘಂಟು ಇಲ್ಲ. ಮುನ್ಷಿಗಳನ್ನು ಇಟ್ಟುಕೊಂಡು ಒಂದೊಂದೇ ಪದ ಕೇಳಿ ಬರೆದುಕೊಳ್ಳಬೇಕು. ಇಪ್ಪತ್ತು ವರ್ಷ ಹೀಗೆ ಕೂತು ಅವರು ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಅದು ಪೂರ್ತಿಯಾಗಿ ಹೊರಬಂದದ್ದು 1831ರಲ್ಲಿ. ಅವರ ಜೊತೆಗಾರ ವಿಲಿಯಂ ರೀವ್ ಮಾಡಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂದವು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ವಾರ್ಡ್ಲಾ ಶಾಲೆಯ ಮುಂದೆ ದಿನವೂ ಸೈಕಲ್ ತುಳಿದಿದ್ದೇನೆ. ಕನ್ನಡದ ಮೊದಲ ಪೂರ್ಣ ಬೈಬಲ್ ನಮ್ಮೂರ ಬಿಸಿಲಿನಲ್ಲಿ ತಯಾರಾಯಿತು ಎಂದು ಯಾರೂ ಹೇಳಿರಲಿಲ್ಲ. ಕೋಟೆ ತೋರಿಸುತ್ತಾರೆ, ಗಣಿ ತೋರಿಸುತ್ತಾರೆ, ಇದನ್ನು ತೋರಿಸುವುದಿಲ್ಲ.

ಮೊಗ್ಲಿಂಗ್ ಬಂದಾಗ ಕೈಯಲ್ಲಿದ್ದದ್ದು ಹ್ಯಾಂಡ್ಸ್ ಅವರ ಈ ಬೈಬಲ್. ಮೊದಲ ಅನುವಾದಕ್ಕೆ ಇರುವ ಎಲ್ಲ ತೊಡಕುಗಳೂ ಅದಕ್ಕಿದ್ದವು. ಮುಂದಿನ ತಲೆಮಾರಿನ ಮಿಷನರಿಗಳಿಗೆ ಅದನ್ನು ತಿದ್ದಬೇಕೆನಿಸಿತು. ಆದರೆ ಯಾವ ಕನ್ನಡಕ್ಕೆ ತಿದ್ದುವುದು? ಬಳ್ಳಾರಿಯದೇ, ಧಾರವಾಡದ್ದೇ, ಮೈಸೂರಿನದೇ, ಕರಾವಳಿಯದೇ? ನನ್ನ ಹೆಂಡತಿ ಕುಂದಾಪುರದವಳು. ಮದುವೆಯಾದ ಹೊಸತರಲ್ಲಿ ನಮ್ಮವ್ವ ಮತ್ತು ಅವಳು ಫೋನಿನಲ್ಲಿ ಮಾತಾಡುವಾಗ ನಾನು ನಡುವೆ ದುಭಾಷಿ ಕೆಲಸ ಮಾಡಿದ್ದೇನೆ. ಹೀಗಿರುವಾಗ ಜರ್ಮನ್ ಒಬ್ಬನಿಗೆ ಎಷ್ಟು ಕಷ್ಟವಾಗಿರಬೇಡ. ಮೊಗ್ಲಿಂಗ್ ಮೊದಲ ವರ್ಷಗಳಲ್ಲಿ ಹುಬ್ಬಳ್ಳಿ ಧಾರವಾಡದ ಕಡೆಯೂ ಕೆಲಸ ಮಾಡಿದ್ದರಿಂದ ಎರಡು ಕನ್ನಡ ಕಿವಿಗೆ ಬಿದ್ದಿದ್ದವು.

ಈ ಹೊತ್ತಿಗೆ ಅವರ ಬಂಧುವೂ ಗೆಳೆಯನೂ ಆದ ಗಾಟ್‌ಫ್ರೀಡ್ ವೈಗ್ಲೆ ಬಂದು ಸೇರಿದರು. ಬೈಬಲ್ ತಿದ್ದುವ ಹೊಣೆ ಮುಖ್ಯವಾಗಿ ಬಿದ್ದದ್ದು ವೈಗ್ಲೆ ಮೇಲೆ, ಜೊತೆಗೆ ನಿಂತವರು ಮೊಗ್ಲಿಂಗ್. ಇಬ್ಬರಿಗೂ ಒಂದು ಮಾತು ಸ್ಪಷ್ಟವಾಯಿತು: ಮುನ್ಷಿಯನ್ನು ಕೇಳಿ ಪದಕ್ಕೆ ಪದ ಕೂಡಿಸಿದರೆ ಅದು ಕನ್ನಡವಾಗುವುದಿಲ್ಲ. ಕನ್ನಡಿಗರು ಯಾವುದನ್ನು ಕೇಳಿ ತಲೆದೂಗುತ್ತಾರೋ, ಯಾವುದನ್ನು ಹಾಡಿ ಅಳುತ್ತಾರೋ ಅದನ್ನು ಓದಬೇಕು. ಹಾಗೆ ಓದಲು ಹೊರಟಾಗ ಎದುರಾದದ್ದು ಓಲೆಗರಿ. ಕುಮಾರವ್ಯಾಸನಿರಲಿ ಲಕ್ಷ್ಮೀಶನಿರಲಿ, ಅಂಗಡಿಯಲ್ಲಿ ಕೊಳ್ಳಲು ಸಿಗುತ್ತಿರಲಿಲ್ಲ. ಮಠದಲ್ಲಿ, ಮನೆಗಳ ಅಟ್ಟದಲ್ಲಿ ಹಸ್ತಪ್ರತಿಗಳಿದ್ದವು, ಒಂದರಂತೆ ಇನ್ನೊಂದಿರಲಿಲ್ಲ. ವೈಗ್ಲೆ 1848ರಲ್ಲಿ ಜರ್ಮನಿಯ ವಿದ್ವತ್ ಪತ್ರಿಕೆಯೊಂದರಲ್ಲಿ ಕನ್ನಡ ಭಾಷೆ ಸಾಹಿತ್ಯಗಳ ಬಗ್ಗೆ ಲೇಖನ ಬರೆದರು. ಅದೇ ವರ್ಷ ಮೊಗ್ಲಿಂಗ್ ಅಚ್ಚಿನ ಕೆಲಸಕ್ಕೆ ಕೈ ಹಾಕಿದರು.

ಅದಕ್ಕೆ ಮುಂಚಿನ ಐದಾರು ವರ್ಷಗಳ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. 1841ರ ಹೊತ್ತಿಗೆ ಮಿಷನ್‌ಗೆ ಮಂಗಳೂರಿನಲ್ಲಿ ಕಲ್ಲಚ್ಚಿನ ಯಂತ್ರ ಬಂತು. 1843ರ ಜುಲೈ 1ರಂದು ಮೊಗ್ಲಿಂಗ್ ಮಂಗಳೂರ ಸಮಾಚಾರ ಹೊರತಂದರು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಊರ ಸುದ್ದಿ, ಸರ್ಕಾರದ ನಿರೂಪ, ಪರದೇಶದ ವರ್ತಮಾನ, ಕಥೆ, ದಾಸರ ಪದ ಎಲ್ಲವೂ ಅದರಲ್ಲಿ. ಮರುವರ್ಷವೇ ಪತ್ರಿಕೆ ಕನ್ನಡ ಸಮಾಚಾರವೆಂದು ಹೆಸರು ಬದಲಿಸಿ ಬಳ್ಳಾರಿಗೆ ಹೋಯಿತು. ಅಲ್ಲಿ ಲಂಡನ್ ಮಿಷನ್‌ನವರ ಬಳಿ ಅಚ್ಚುಮೊಳೆ ಇತ್ತು. ಹೆಚ್ಚು ದಿನ ಬಾಳಲಿಲ್ಲ. ಮಂಗಳೂರಿನವರು ಇದನ್ನು ತಮ್ಮದೆನ್ನುತ್ತಾರೆ, ಬಳ್ಳಾರಿಯವನಾದ ನಾನೂ ಕಾಲು ಭಾಗ ಪಾಲು ಕೇಳುತ್ತೇನೆ.

1844ರ ಜನವರಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಮೊಗ್ಲಿಂಗರ ಬಳಿ ಬರುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಕ್ರೈಸ್ತನಾದ. ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಆ ಮನೆಯಲ್ಲಿ ಎಷ್ಟು ಕಣ್ಣೀರು ಬಿದ್ದಿತೋ ಅದರ ಲೆಕ್ಕ ಮಿಷನ್ ವರದಿಗಳಲ್ಲಿ ಸಿಗುವುದಿಲ್ಲ. ಮೊಗ್ಲಿಂಗರನ್ನು ಹೊಗಳುವ ಬರಹಗಳು ಈ ಭಾಗವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ತೆಗಳುವವರು ಇದೊಂದನ್ನೇ ಹಿಡಿದು ನಿಲ್ಲುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಮೊಗ್ಲಿಂಗ್ ಕೌಂಡಿನ್ಯರನ್ನು ಯುರೋಪಿಗೆ ಕರೆದುಕೊಂಡು ಹೋಗಿ ಬಾಸೆಲ್‌ನಲ್ಲಿ ಓದಲು ಬಿಟ್ಟು ತಾವು ಹಿಂದಿರುಗಿದರು.

ಇನ್ನು ಕಲ್ಲಚ್ಚು. ಇದು ನನಗೆ ತುಂಬ ಹಿಡಿಸಿದ ಭಾಗ, ತಾಂತ್ರಿಕ ಬುದ್ಧಿಯವರು ಸ್ವಲ್ಪ ಸಹಿಸಿಕೊಳ್ಳಿ, ಅಲ್ಲದವರೂ ಸಹಿಸಿಕೊಳ್ಳಿ. ಅಚ್ಚುಮೊಳೆಯಲ್ಲಿ ಕನ್ನಡ ಮುದ್ರಿಸಬೇಕಾದರೆ ಪ್ರತಿ ಅಕ್ಷರ, ಪ್ರತಿ ಗುಣಿತ, ಪ್ರತಿ ಒತ್ತಿಗೂ ಸೀಸದಲ್ಲಿ ಎರಕ ಹೊಯ್ಯಬೇಕು. ಇಂಗ್ಲಿಷಿನಂತೆ ಇಪ್ಪತ್ತಾರಲ್ಲ, ನೂರಾರು. ನಮ್ಮ ಕಾಲದಲ್ಲೂ ಯೂನಿಕೋಡ್ ಬರುವ ತನಕ ಒಬ್ಬರ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಚಿತ್ತಾರವಾಗಿ ಕಾಣುತ್ತಿತ್ತಲ್ಲ, ಅದೇ ತಲೆನೋವಿನ ಅಜ್ಜ ಇದು. ಕಲ್ಲಚ್ಚಿಗೆ ಇದಾವುದೂ ಬೇಡ. ಒಳ್ಳೆಯ ಕೈಬರಹದ ಲಿಪಿಕಾರ ಜಿಡ್ಡಿನ ಶಾಯಿಯಿಂದ ವಿಶೇಷ ಕಾಗದದ ಮೇಲೆ ಬರೆಯುತ್ತಾನೆ. ಆ ಕಾಗದವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಒತ್ತಿದರೆ ಬರಹ ಉಲ್ಟಾ ಆಗಿ ಕಲ್ಲಿಗೆ ಇಳಿಯುತ್ತದೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮೇಲೆ ಮಸಿ ಉರುಳಿಸಿದರೆ ಜಿಡ್ಡಿರುವ ಕಡೆ ಮಾತ್ರ ಮಸಿ ಹಿಡಿಯುತ್ತದೆ, ಒದ್ದೆ ಇರುವ ಕಡೆ ಇಲ್ಲ. ಎಣ್ಣೆ ನೀರು ಸೇರುವುದಿಲ್ಲ, ಇಷ್ಟೇ ಗುಟ್ಟು. ಕಾಗದ ಇಟ್ಟು ಒತ್ತಿದರೆ ಕೈಬರಹ ಹಾಗೆಯೇ ಎದ್ದು ಬರುತ್ತದೆ. ಹೀಗಾಗಿ ಆ ಪುಸ್ತಕಗಳಲ್ಲಿ ನಾವು ನೋಡುವುದು ಮುದ್ರಣಾಲಯದ ಅಕ್ಷರಗಳನ್ನಲ್ಲ, ಹೆಸರು ಉಳಿಯದ ಯಾವನೋ ಕನ್ನಡಿಗನ ಬೆರಳುಗಳನ್ನು.

ಈ ಕಲ್ಲಚ್ಚಿನಲ್ಲೇ 1848ರಿಂದ 1853ರ ನಡುವೆ ಬಿಬ್ಲಿಯೋತಿಕಾ ಕರ್ನಾಟಿಕಾ ಎಂಬ ಮಾಲೆ ಹೊರಬಂತು. ಹಣ ಕೊಟ್ಟವರು ನೀಲಗಿರಿಯಲ್ಲಿ ನೆಲೆಸಿದ್ದ ಕಂಪನಿ ಸರ್ಕಾರದ ನಿವೃತ್ತ ನ್ಯಾಯಾಧೀಶ ಕಸಮೇಜರ್. ಮಾಲೆಯಲ್ಲಿ ಏನೇನಿತ್ತು ನೋಡಿ: ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ, ಕುಮಾರವ್ಯಾಸ ಭಾರತದ ಭಾಗಗಳು, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು, ರಾವಣ ದಿಗ್ವಿಜಯವೆಂಬ ಯಕ್ಷಗಾನ ಪ್ರಸಂಗ. ವೈದಿಕ, ವೀರಶೈವ, ವೈಷ್ಣವ, ಬಯಲಾಟ ಎಂಬ ಭೇದವಿಲ್ಲದೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಮಾಲೆ ಅದು. ಆ ಕಾಲದಲ್ಲಿ ನಮ್ಮವರೇ ಮಾಡಿದ್ದರೆ ಇಷ್ಟು ಧಾರಾಳವಾಗಿ ಮಾಡುತ್ತಿದ್ದರೇ ಎಂಬ ಅನುಮಾನ ನನಗಿದೆ. ಹೊರಗಿನವನಿಗೆ ಎಲ್ಲವೂ ಸಮಾನವಾಗಿ ಬೇರೆಯವರದ್ದು, ಹಾಗಾಗಿ ಎಲ್ಲವೂ ಸಮಾನವಾಗಿ ಕನ್ನಡ. ಹರಿದಾಸರ ಹಾಡುಗಳು ಅಚ್ಚಿನಲ್ಲಿ ಪುಸ್ತಕವಾದದ್ದು 1850ರಲ್ಲಿ, ಹೀಗೆ, ಒಬ್ಬ ಕ್ರೈಸ್ತ ಪಾದ್ರಿಯ ಕೈಯಿಂದ. ಇದಲ್ಲದೆ ಕನ್ನಡ ಗಾದೆಗಳನ್ನೂ ಅವರು ಕೂಡಿಹಾಕಿ ಪ್ರಕಟಿಸಿದರು.

ಮಿಷನ್‌ನ ದುಡ್ಡಿನಲ್ಲಿ ಬದುಕುವ ಪಾದ್ರಿ ಅನ್ಯರ ಪುರಾಣ ಅಚ್ಚು ಹಾಕಿಸುವುದೆಂದರೆ ಬಾಸೆಲ್‌ನಲ್ಲಿ ಕೂತವರಿಗೆ ಹೇಗೆ ಕಂಡಿರಬಹುದು? ಮೊಗ್ಲಿಂಗರ ಬಳಿ ಕಾರಣ ಸಿದ್ಧವಿತ್ತು: ಜನರನ್ನು ತಿಳಿಯಬೇಕಾದರೆ ಅವರ ಪುಸ್ತಕ ತಿಳಿಯಬೇಕು, ಒಳ್ಳೆಯ ಬೈಬಲ್ ಬರೆಯಬೇಕಾದರೆ ಒಳ್ಳೆಯ ಕನ್ನಡ ಬೇಕು. ಕಾರಣ ನಿಜವೇ. ಆದರೆ ಅಷ್ಟೇ ಅಲ್ಲವೆಂದು ನನ್ನ ಗುಮಾನಿ. ಊರಿಗೆ ಹಿಂದಿರುಗಿದ ಮೇಲೆ, ಮಿಷನ್ ಕೆಲಸಕ್ಕೆ ಏನೂ ಉಪಯೋಗವಿಲ್ಲದ ಕಾಲದಲ್ಲೂ ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. 1870ರ ದಶಕದಲ್ಲಿ, ಅರವತ್ತರ ಆಸುಪಾಸಿನಲ್ಲಿ, ಜೈಮಿನಿ ಭಾರತದ ಭಾಗಗಳನ್ನು ಜರ್ಮನ್‌ಗೆ ತಂದರು. ಕೆಲಸಕ್ಕೆಂದು ಕಲಿತ ಭಾಷೆ ಕೆಲಸ ಮುಗಿದ ಮೇಲೂ ಬಿಡಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಗೆ ಮರಾಠಿ ಹೀಗೆಯೇ ಅಂಟಿಕೊಂಡಿದೆಯಲ್ಲ.

ಟ್ರಂಪ್ ವಿಷಯ ಬೇರೆ. ಅವನು 1872ರಲ್ಲಿ ಸಿಂಧಿ ವ್ಯಾಕರಣ ಬರೆದ ದೊಡ್ಡ ವಿದ್ವಾಂಸ. ಆದರೆ 1877ರಲ್ಲಿ ಸಿಖ್ಖರ ಆದಿ ಗ್ರಂಥದ ಇಂಗ್ಲಿಷ್ ಅನುವಾದ ಪ್ರಕಟಿಸಿದಾಗ ಮುನ್ನುಡಿಯಲ್ಲಿ ಅದನ್ನು ಹೀಗಳೆದು ಸಿಖ್ಖರ ಸಿಟ್ಟಿಗೆ ಗುರಿಯಾದ. ಗುರು ನಾನಕರನ್ನು ಪೂಜಿಸುವ ದಾದಾ ಈ ಕಾರಣಕ್ಕೆ ಟ್ರಂಪ್ ಹೆಸರು ಹೇಳುವಾಗ ಒಮ್ಮೆ ನಗುತ್ತಾರೆ, ಒಮ್ಮೆ ಹುಬ್ಬು ಗಂಟಿಕ್ಕುತ್ತಾರೆ. ಅಕ್ಕಪಕ್ಕದ ಊರಿನವರಾದರೂ ಒಂದೇ ಅಚ್ಚಿನವರಲ್ಲ.

1853ರಲ್ಲಿ ಮೊಗ್ಲಿಂಗ್ ತಾಯ್ನಾಡಿಗೆ ಮರಳುವ ಯೋಚನೆಯಲ್ಲಿದ್ದರು. ಆಗ ಅಳಮಂಡ ಸೋಮಯ್ಯ ಎಂಬ ಕೊಡವರು ಅವರನ್ನು ಹುಡುಕಿಕೊಂಡು ಬಂದರು. ಮೊಗ್ಲಿಂಗ್ ಪ್ರಯಾಣ ಬಿಟ್ಟು ಸೋಮಯ್ಯನವರ ಹಿಂದೆ ಕೊಡಗಿನ ಘಟ್ಟ ಹತ್ತಿದರು. ಅಲ್ಲಿ ಜೀತದಲ್ಲಿದ್ದ ಹೊಲೆಯರಿಗಾಗಿ ಆನಂದಪುರ ಎಂಬ ಊರು ಕಟ್ಟಿದರು. ಹೆಸರು ಆನಂದರಾವ್ ಕೌಂಡಿನ್ಯರದ್ದೇ, ಮುಂದೆ ಕೌಂಡಿನ್ಯರೇ ಅಲ್ಲಿ ಪಾದ್ರಿಯಾದರು. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಕೊಡಗು ಅರಸರ ಚರಿತ್ರೆಯಾದ ರಾಜೇ‍ಂದ್ರನಾಮೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರು.

ಅದೇ 1855ರಲ್ಲಿ ವೈಗ್ಲೆ ತೀರಿಕೊಂಡರು. ವಯಸ್ಸು ನಲವತ್ತೂ ಆಗಿರಲಿಲ್ಲ, ಬೈಬಲ್ ತಿದ್ದುವ ಕೆಲಸ ನಡುದಾರಿಯಲ್ಲಿತ್ತು. ಅವರ ವಿಧವೆ ಪೌಲೀನಾ ಮತ್ತು ಚಿಕ್ಕ ಮಕ್ಕಳು ಉಳಿದರು. ಮೊಗ್ಲಿಂಗ್ ಪೌಲೀನಾರನ್ನು ಮದುವೆಯಾಗಿ ಆ ಮಕ್ಕಳಿಗೆ ತಂದೆಯಾದರು. ಬೈಬಲ್ಲಿನ ಕೆಲಸವನ್ನು ಮುಂದೆ ಬೇರೆ ಬೇರೆಯವರು ಹೊತ್ತರು, ತಿದ್ದುಪಡಿ ಅಲ್ಲಿಗೂ ಮುಗಿಯಲಿಲ್ಲ. ಹ್ಯಾಂಡ್ಸ್ ಬರೆದದ್ದನ್ನು ವೈಗ್ಲೆ ತಿದ್ದಿದರು, ವೈಗ್ಲೆ ತಿದ್ದಿದ್ದನ್ನು ಇನ್ನೊಬ್ಬರು ತಿದ್ದಿದರು. ಬೇರೆಯವರು ಬರೆದಿಟ್ಟುಹೋದ ಕೋಡನ್ನು ತಿದ್ದುತ್ತ ಹೊಟ್ಟೆ ಹೊರೆಯುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೊದಲು ಬರೆದವನನ್ನು ಬೈಯುವುದು ಸುಲಭ. ಅವನು ಇಲ್ಲದಿದ್ದರೆ ತಿದ್ದಲು ಏನೂ ಇರುತ್ತಿರಲಿಲ್ಲ.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕನ್ನಡ ಸಾಹಿತ್ಯದ ಕೆಲಸಕ್ಕಾಗಿ ಮೊಗ್ಲಿಂಗರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಬೈಬಲ್ ಕೆಲಸಕ್ಕಲ್ಲ, ಮತ ಪ್ರಚಾರಕ್ಕಲ್ಲ, ಕನ್ನಡಕ್ಕೆ. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟಿದ್ದರಿಂದ ಜರ್ಮನಿಗೆ ಮರಳಿದರು, ಮತ್ತೆ ಬರಲಿಲ್ಲ. 1881ರ ಮೇ 10ರಂದು ಎಸ್ಲಿಂಗನ್ ಎಂಬಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆ ಬರೆದವರು ಮಲಯಾಳದ ನಿಘಂಟುಕಾರ ಹರ್ಮನ್ ಗುಂಡರ್ಟ್, ಕಾದಂಬರಿಕಾರ ಹರ್ಮನ್ ಹೆಸ್ಸೆಯ ಅಜ್ಜ. ಮೊಗ್ಲಿಂಗ್ ಇರುವಾಗಲೇ, 1853ರಲ್ಲಿ, ಬಂದಿದ್ದ ಕಿರಿಯ ಫರ್ಡಿನಾಂಡ್ ಕಿಟೆಲ್ ಹಳೆಗನ್ನಡ ಓದುವ ಅದೇ ದಾರಿ ಹಿಡಿದು 1894ರಲ್ಲಿ ಎಪ್ಪತ್ತು ಸಾವಿರ ಪದಗಳ ನಿಘಂಟು ಕೊಟ್ಟರು. ಕಿಟೆಲ್‌ಗೆ ಬೆಂಗಳೂರಿನಲ್ಲಿ ಪ್ರತಿಮೆ ಇದೆ. ಪದಗಳ ಅರ್ಥ ಹೇಳಲು ಕಿಟೆಲ್ ಎತ್ತಿಕೊಂಡ ಕಾವ್ಯಗಳನ್ನು ಮೊದಲು ಅಚ್ಚಿಗೆ ತಂದವರ ನೆನಪು ಮಾತ್ರ ಪತ್ರಿಕಾ ದಿನಕ್ಕೆ ಸೀಮಿತವಾಗಿದೆ.

ಮುಂದಿನ ಬಾಡಿಗೆ ಭಾನುವಾರ ಮೊಬೈಲಿನಲ್ಲಿ ಹಳೆಯ ಕಲ್ಲಚ್ಚಿನ ಜೈಮಿನಿ ಭಾರತದ ಒಂದು ಪುಟದ ಚಿತ್ರ ಇಟ್ಟುಕೊಂಡು ಕೆಳಗೆ ಹೋದೆ. ಏಳು ವರ್ಷದ ಮಗಳೂ ಬಂದಳು. ದಾದಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅಕ್ಷರ ಗೊತ್ತಿಲ್ಲದಿದ್ದರೂ ಬರೆದವನ ಕೈ ಒಳ್ಳೆಯದೆಂದು ಮೆಚ್ಚಿದರು. ಕ್ಯಾಂಪಿನ ಶಾಲೆಯಲ್ಲಿ ತಮಗೆ ಅಕ್ಷರ ತಿದ್ದಿಸಿದ ಮಾಸ್ತರರ ಕೈ ಹೀಗೇ ಇತ್ತಂತೆ. ಆಮೇಲೆ ಓದಿ ಎಂದರು.

ಓದಲು ಹೊರಟೆ. ಷಟ್ಪದಿಯ ಎರಡನೇ ಸಾಲಿಗೇ ನಿಂತುಬಿಟ್ಟೆ. ಪದ ಎಲ್ಲಿ ಒಡೆಯಬೇಕೆಂದು ತಿಳಿಯಲಿಲ್ಲ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ದಾದಾ ನಗಲಿಲ್ಲ. ತಮ್ಮ ಮೊಮ್ಮಕ್ಕಳಿಗೆ ಸಿಂಧಿ ಮಾತು ಬರುತ್ತದೆ, ಅರಬಿ ಲಿಪಿ ಬಾರದು, ದೇವನಾಗರಿಯಲ್ಲಿ ಬರೆದ ಸಿಂಧಿ ತಮಗೆ ರುಚಿಸದು, ಹಾಗಾಗಿ ರಿಸಾಲೋ ತಮ್ಮ ತೊಡೆಯಿಂದ ಇನ್ನಾರ ತೊಡೆಗೂ ಹೋಗುತ್ತಿಲ್ಲ ಎಂದರು. ಪುಟ ಅಚ್ಚಾಗಿ 160 ವರ್ಷವಾಯಿತು, ಅಚ್ಚಾಗಿರುವುದರಿಂದ ಎಲ್ಲಿಗೂ ಹೋಗುವುದಿಲ್ಲ, ಓದುವವರು ಬರಬೇಕಷ್ಟೇ ಎಂದೂ ಸೇರಿಸಿದರು.

ನನ್ನ ಮಗಳು ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಓದುತ್ತಾಳೆ. ಕನ್ನಡ ಮಾತಾಡುತ್ತಾಳೆ, ಅದೂ ಕುಂದಾಪುರದ್ದು ಮತ್ತು ಬಳ್ಳಾರಿಯದು ಬೆರೆಸಿ. ಅಕ್ಷರ ಬಾರದು. ಬಳ್ಳಾರಿಯ ಅಜ್ಜಿಗೆ ಅವಳು ಕಳಿಸುವುದೆಲ್ಲ ವಾಯ್ಸ್ ಮೆಸೇಜು. ಅವಳು ಮೊಬೈಲ್ ಕಿತ್ತುಕೊಂಡು, ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಒಂದು ಅಕ್ಷರದ ಮೇಲೆ ಬೆರಳಿಟ್ಟು ಇದು ಯಾವುದೆಂದು ಕೇಳಿದಳು. ಅದು ಳ. ಹಳೆಯ ಬರಹವಾದ್ದರಿಂದ ನನಗೂ ಅರೆಕ್ಷಣ ಬೇಕಾಯಿತು. ಚಹಾದ ಕಪ್ಪಿನ ಕೆಳಗಿದ್ದ ಹಳೆಯ ಸಿಂಧಿ ಪತ್ರಿಕೆಯ ಅಂಚಿನಲ್ಲಿ ಪೆನ್ನಿನಿಂದ ಅದನ್ನು ಬರೆದು ತೋರಿಸಿದೆ. ಅವಳು ಅದರ ಕೆಳಗೆ ಇನ್ನೊಂದು ಬರೆದಳು, ಸೊಟ್ಟಗೆ.

ಮುಂದಿನ ಭಾನುವಾರ ಬಾಡಿಗೆ ಕೊಡುವ ದಿನವಲ್ಲ. ಆದರೂ ಹುಡುಗಿಯನ್ನು ಕರೆದುಕೊಂಡು ಬರಬೇಕೆಂದು ದಾದಾ ಹೇಳಿದ್ದಾರೆ. ಎರಡನೇ ಸಾಲು ಎಲ್ಲಿ ಒಡೆಯುತ್ತದೆ ಎಂದು ಅಷ್ಟರೊಳಗೆ ನಾನು ನೋಡಿಕೊಳ್ಳಬೇಕು.